ಇ.ಎಫ್. 35ರಿಂದ 30ಕ್ಕೆ ಇಳಿದಿದೆ, ಅಪ್ಪ ಮಾತ್ರ ಮೊದಲಿಗಿಂತ ಹುಷಾರಾಗಿದ್ದಾರೆ. ಯಾವುದನ್ನು ನಂಬಲಿ?

ಕಿರಿಮಗಳು

ಅಪ್ಪನಿಗೆ 67 ವರ್ಷ. ಹೃದಯ ವೈಫಲ್ಯ ಎಂದು ಗೊತ್ತಾಗಿ ನಾಲ್ಕು ವರ್ಷವಾಯಿತು. ಎಂಟು ತಿಂಗಳ ಹಿಂದೆ ಕಾಲು ಬಾತು, ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಿದ್ದೆವು. ಆಗಿನ ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಇಜೆಕ್ಷನ್ ಫ್ರಾಕ್ಷನ್, ಅಂದರೆ ಇ.ಎಫ್., 35 ಎಂದಿತ್ತು. ನಿನ್ನೆ ಮತ್ತೆ ಮಾಡಿಸಿದೆವು, 30 ಎಂದು ಬಂದಿದೆ. ವೈದ್ಯರನ್ನು ಕಾಣಲು ಇನ್ನೂ ಆರು ದಿನ ಕಾಯಬೇಕು. ಅಣ್ಣ ಎಂಟು ತಿಂಗಳಿಗೆ ಐದರಂತೆ ಲೆಕ್ಕ ಹಾಕುತ್ತಾ ಹೋದವನು ಕೊನೆಯ ಸಾಲು ಬರೆಯದೆ ಕಾಗದ ಮಡಚಿ ಜೇಬಿಗೆ ಹಾಕಿಕೊಂಡ. ಅಮ್ಮ ಅದನ್ನು ನೋಡಿಬಿಟ್ಟರು.

ವಿಚಿತ್ರವೆಂದರೆ ಅಪ್ಪ ಈಗ ಚೆನ್ನಾಗಿಯೇ ಇದ್ದಾರೆ. ಆಗ ಮೂರು ದಿಂಬು ಒರಗಿಸಿಕೊಂಡು ಕುಳಿತೇ ರಾತ್ರಿ ಕಳೆಯುತ್ತಿದ್ದವರು ಈಗ ಒಂದೇ ದಿಂಬಿಗೆ ತಲೆಯಿಟ್ಟು ಮಲಗುತ್ತಾರೆ. ಮೆಟ್ಟಿಲ ನಡುವೆ ನಿಲ್ಲುವುದಿಲ್ಲ. 30 ಎಂದರೆ ಹೃದಯ 70 ಭಾಗ ಹೋಯಿತೆಂದೇ? ಈ ಸಂಖ್ಯೆಯಿಂದ ಮುಂದೇನಾಗುತ್ತದೆ ಎಂದು ಹೇಳಲು ನಿಜವಾಗಿ ಸಾಧ್ಯವೇ?

ಅಲೆಕೋಣೆ

ಹದಿನಾಲ್ಕು ವರ್ಷದಿಂದ ಎಕೋ ಮಾಡುತ್ತಿದ್ದೇನೆ. ನಾನು ವೈದ್ಯನಲ್ಲ, ತಂತ್ರಜ್ಞ. ಮೊದಲು ಆ 70ರ ಭಯವನ್ನು ಬಿಡಿ. ಎಡ ಹೃತ್ಕುಕ್ಷಿ, ಅಂದರೆ ಮೈಗೆಲ್ಲ ರಕ್ತ ತಳ್ಳುವ ಕೋಣೆ, ತುಂಬಿಕೊಂಡ ರಕ್ತದಲ್ಲಿ ಪ್ರತಿ ಬಡಿತಕ್ಕೆ ಶೇಕಡಾ ಎಷ್ಟನ್ನು ಹೊರಹಾಕುತ್ತದೆ ಎಂಬುದು ಇ.ಎಫ್. ಯಾರ ಹೃದಯವೂ ನೂರಕ್ಕೆ ನೂರು ಖಾಲಿಯಾಗುವುದಿಲ್ಲ. ಆರೋಗ್ಯವಂತರಲ್ಲೇ ಅದು ಸುಮಾರು 55ರಿಂದ 70. ಇದನ್ನು ಅಂಕಪಟ್ಟಿಯಂತೆ ಓದಿದರೆ ಎಲ್ಲರೂ ಗಾಬರಿಯಾಗಬೇಕಾಗುತ್ತದೆ.

ಇನ್ನು ಆ 30 ಹೇಗೆ ಹುಟ್ಟುತ್ತದೆ ಎಂಬುದನ್ನು ಕೇಳಿ. ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಹೃದಯದ ತುದಿಯ ಹತ್ತಿರ ಎದೆಯ ಮೇಲೆ ಜೆಲ್ ಹಚ್ಚಿದ ಪ್ರೋಬ್ ಇಟ್ಟು ಎರಡು ಕೋನಗಳಿಂದ ಚಿತ್ರ ಹಿಡಿಯುತ್ತೇವೆ. ಹೃತ್ಕುಕ್ಷಿ ಪೂರ್ತಿ ತುಂಬಿದಾಗಿನ ಚಿತ್ರವನ್ನು ನಿಲ್ಲಿಸಿ ಒಳಗೋಡೆಯ ಅಂಚಿನ ಗುಂಟ ಚುಕ್ಕಿ ಇಡುತ್ತಾ ಗೆರೆ ಎಳೆಯುತ್ತೇವೆ. ಪೂರ್ತಿ ಕುಗ್ಗಿದಾಗ ಮತ್ತೊಮ್ಮೆ. ಯಂತ್ರ ಆ ಆಕಾರವನ್ನು ತೆಳುವಾದ ಬಿಲ್ಲೆಗಳಾಗಿ ಸೀಳಿ ಕೂಡಿಸುತ್ತದೆ. ಇದಕ್ಕೆ ಸಿಂಪ್ಸನ್ ವಿಧಾನ ಎನ್ನುತ್ತಾರೆ. ಒಳಗೋಡೆ ನುಣುಪಾಗಿರುವುದಿಲ್ಲ, ಬೇರುಗಳಂತೆ ಸ್ನಾಯುವಿನ ಎಳೆಗಳಿರುತ್ತವೆ. ಗೆರೆ ಅವುಗಳ ಒಳಗಿನಿಂದ ಹೋದರೆ ಒಂದು ಉತ್ತರ, ಹೊರಗಿನಿಂದ ಹೋದರೆ ಮತ್ತೊಂದು. ಪಕ್ಕೆಲುಬಿನ ನೆರಳು ಬಿದ್ದು ಅರ್ಧ ಗೋಡೆ ಕಾಣದಿದ್ದರೆ ಕಣ್ಣಂದಾಜು. ಒಂದೇ ದಿನ, ಒಂದೇ ಹೃದಯವನ್ನು ಇಬ್ಬರು ಅಳೆದರೆ ಐದು ಅಂಕ ಆಚೀಚೆಯಾಗುವುದು ನಮಗೆ ದಿನನಿತ್ಯದ ಮಾತು. ಹತ್ತಾದರೂ ಯಾರೂ ಬೆಚ್ಚಿಬೀಳುವುದಿಲ್ಲ.

ವರದಿಯಲ್ಲಿ ಇ.ಎಫ್. ಕೆಳಗಿರುವ ಸಾಲುಗಳನ್ನೂ ಎರಡೂ ಬಾರಿಯವು ಸೇರಿಸಿ ಇಲ್ಲಿ ಬರೆಯುತ್ತೀರಾ? ಎಡ ಹೃತ್ಕರ್ಣದ ಗಾತ್ರ, ಇ ಬೈ ಇ-ಪ್ರೈಮ್ (ಒಳಗಿನ ಒತ್ತಡದ ಸುಳಿವು), ಟ್ರೈಕಸ್ಪಿಡ್ ಎಂಬ ಬಲಭಾಗದ ಕವಾಟದ ಸೋರಿಕೆಯ ವೇಗ, ಟ್ಯಾಪ್ಸಿ (ಬಲ ಹೃತ್ಕುಕ್ಷಿಯ ಕೆಲಸದ ಅಳತೆ), ಐವಿಸಿ (ಹೃದಯಕ್ಕೆ ರಕ್ತ ಮರಳಿ ತರುವ ದೊಡ್ಡ ರಕ್ತನಾಳ), ಮೈಟ್ರಲ್ ಎಂಬ ಎಡಭಾಗದ ಕವಾಟದ ಸೋರಿಕೆ. ನನಗೆ ಅವು ಬೇಕು.

ಸಂಶಯಪ್ರಾಣಿ

ಸಮಾಧಾನ ಹೇಳುವ ಭರದಲ್ಲಿ ಸಂಖ್ಯೆಯನ್ನೇ ಅಲ್ಲಗಳೆಯಬೇಡಿ. ಇ.ಎಫ್.ಗೂ ಸಾವಿನ ಅಪಾಯಕ್ಕೂ ಸಂಬಂಧವಿದೆ ಎಂಬುದು ಸಾವಿರಾರು ರೋಗಿಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಹೃದಯ ವೈಫಲ್ಯದವರ ಮೇಲೆ ನಡೆದ ಚಾರ್ಮ್ ಎಂಬ ಅಧ್ಯಯನದ ರೋಗಿಗಳಲ್ಲಿ ಇ.ಎಫ್. 45ಕ್ಕಿಂತ ಕೆಳಗಿಳಿದಂತೆಲ್ಲ ಅಪಾಯ ಏರುತ್ತಾ ಹೋಗಿತ್ತು. ನಾನು ಅಂಕಿಅಂಶದ ಕೆಲಸದವನು. ಅಳತೆಯಲ್ಲಿ ದೋಷವಿದೆ ಎಂದ ಮಾತ್ರಕ್ಕೆ ಅಳತೆ ಸುಳ್ಳಾಗುವುದಿಲ್ಲ.

ಅಲೆಕೋಣೆ

ಸುಳ್ಳೆಂದು ನಾನೆಲ್ಲಿ ಹೇಳಿದೆ? 60 ಮತ್ತು 30ರ ನಡುವಿನ ವ್ಯತ್ಯಾಸ ಹಗಲಿನಷ್ಟು ನಿಜ. 35 ಮತ್ತು 30ರ ನಡುವಿನದು ನಿಜವೋ ನನ್ನ ಕೈಯ ನಡುಕವೋ ಎಂಬುದು ಪ್ರಶ್ನೆ. ಆ 45ರ ಅಧ್ಯಯನದ ಇನ್ನೊಂದು ಅರ್ಧವನ್ನು ನೀವು ಬಿಟ್ಟಿರಿ: 45ರ ಮೇಲೆ ಇ.ಎಫ್. ಎಷ್ಟೇ ಏರಿದರೂ ಅಪಾಯ ಮತ್ತೆ ಇಳಿಯಲಿಲ್ಲ. ಇ.ಎಫ್. 60 ಇಟ್ಟುಕೊಂಡೇ ಉಸಿರಾಡಲು ಪರದಾಡುವವರು ನನ್ನ ಕೋಣೆಗೆ ದಿನವೂ ಬರುತ್ತಾರೆ. ಗೋಡೆ ದಪ್ಪಗಾಗಿ ಒಳಗಿನ ಜಾಗ ಕಿರಿದಾದ ಹೃದಯ 80 ಮಿಲಿಲೀಟರ್ ತುಂಬಿಕೊಂಡು 48 ಹೊರಹಾಕಿದರೆ ಇ.ಎಫ್. 60. ಹಿಗ್ಗಿದ ಹೃದಯ 180 ತುಂಬಿಕೊಂಡು 54 ಹಾಕಿದರೆ 30. ಮೈಗೆ ಹೆಚ್ಚು ರಕ್ತ ಕೊಟ್ಟದ್ದು ಯಾವುದು?

ಕಿರಿಮಗಳು

ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ. ಮೊದಲನೆಯದು ಆಗಿನದು, ಎರಡನೆಯದು ಈಗಿನದು. ಹೃತ್ಕುಕ್ಷಿ ತುಂಬಿದಾಗ 200, ಈಗ 180. ಕುಗ್ಗಿದಾಗ 130, ಈಗ 126. ಎಡ ಹೃತ್ಕರ್ಣ 52, ಈಗ 40. ಇ ಬೈ ಇ-ಪ್ರೈಮ್ 19, ಈಗ 11. ಟ್ರೈಕಸ್ಪಿಡ್ ಸೋರಿಕೆಯ ವೇಗ 3.4, ಈಗ 2.7. ಟ್ಯಾಪ್ಸಿ 14, ಈಗ 17. ಐವಿಸಿ ಆಗ 23 ಮಿಲಿಮೀಟರ್, ‘ಉಸಿರೆಳೆದಾಗ ಕುಗ್ಗುತ್ತಿಲ್ಲ’ ಎಂದಿದೆ; ಈಗ 16, ‘ಕುಗ್ಗುತ್ತಿದೆ’. ಮೈಟ್ರಲ್ ಸೋರಿಕೆ ಆಗ ಮಧ್ಯಮ, ಈಗ ಅಲ್ಪ. ಎಲ್‌ವಿಒಟಿ ವಿಟಿಐ ಎಂಬುದೊಂದಿದೆ, 14 ಮತ್ತು 15. ಅಡ್ಡಳತೆ ಎರಡರಲ್ಲೂ 2 ಸೆಂಟಿಮೀಟರ್.

ಆಗ ಆಸ್ಪತ್ರೆಯಿಂದ ಬಿಡುವಾಗ ಎರಡು ಹೊಸ ಮಾತ್ರೆ ಸೇರಿಸಿ, ಹಳೆಯದೊಂದರ ಪ್ರಮಾಣ ಹೆಚ್ಚಿಸಿದ್ದರು.

ಅಲೆಕೋಣೆ

ಕಿರಿಮಗಳು ಅವರೇ, ಈ ಎರಡು ವರದಿಗಳನ್ನು ಹೆಸರು ಮುಚ್ಚಿ ನನ್ನ ಮುಂದಿಟ್ಟು ಯಾವ ರೋಗಿ ಹುಷಾರಾಗಿದ್ದಾನೆ ಎಂದು ಕೇಳಿದ್ದರೆ ನಾನು ಎರಡನೆಯದಕ್ಕೆ ಬೆರಳು ತೋರಿಸುತ್ತಿದ್ದೆ.

ಹೃತ್ಕುಕ್ಷಿ ಆಗ 200ರಿಂದ 130ಕ್ಕೆ ಕುಗ್ಗುತ್ತಿತ್ತು. ಅಂದರೆ 70 ಮಿಲಿಲೀಟರ್ ಹೊರಟಿತು. ಅಷ್ಟೂ ಮಹಾಧಮನಿಗೆ ಹೋಯಿತೇ? ವಿಟಿಐ ಎಂಬುದು ಮಹಾಧಮನಿಯ ಬಾಗಿಲಲ್ಲಿ ಒಂದು ಬಡಿತಕ್ಕೆ ರಕ್ತ ಎಷ್ಟು ದೂರ ಸಾಗಿತು ಎಂಬ ಡಾಪ್ಲರ್ ಅಳತೆ. ಬಾಗಿಲಿನ ಅಡ್ಡಳತೆ 2 ಸೆಂಟಿಮೀಟರ್ ಆದರೆ ವಿಸ್ತೀರ್ಣ 3.14. ಅದನ್ನು 14ರಿಂದ ಗುಣಿಸಿದರೆ 44. ಮುಂದಕ್ಕೆ ಹೋದದ್ದು 44, ಉಳಿದ 26 ಸೋರುವ ಮೈಟ್ರಲ್ ಕವಾಟದಿಂದ ಹಿಂದಕ್ಕೆ, ಶ್ವಾಸಕೋಶದ ಕಡೆಗೆ. ಇ.ಎಫ್.ಗೆ ಮುಂದೆ ಹಿಂದೆ ಗೊತ್ತಿಲ್ಲ, ಹೊರಟದ್ದನ್ನೆಲ್ಲ ಎಣಿಸುತ್ತದೆ. ಈಗ 180ರಿಂದ 126ಕ್ಕೆ, ಹೊರಟದ್ದು 54. ಮುಂದಕ್ಕೆ 47. ಹಿಂದಕ್ಕೆ ಬರೀ 7. ಆಗಿನ 35ರಲ್ಲಿ ಸೋರಿಕೆಯ ಪಾಲೂ ಸೇರಿತ್ತು. ಈಗಿನ 30ರಲ್ಲಿ ಅದು ಇಲ್ಲವೆನ್ನುವಷ್ಟು.

ಇ.ಎಫ್. ಇಳಿಯಿತು, ಮೈಗೆ ಸಿಗುವ ರಕ್ತ ಮೂರು ಮಿಲಿಲೀಟರ್ ಏರಿತು!

ಹಸಿರುಪರದೆ

ನಾನು ಹೃದ್ರೋಗ ವೈದ್ಯೆ. ರೋಗಿಯನ್ನು ನೋಡದೆ ಚಿಕಿತ್ಸೆ ಹೇಳುವುದಿಲ್ಲ. ಓದುವ ಬಗೆಯ ಬಗ್ಗೆ ಮಾತ್ರ ಎರಡು ಮಾತು.

ಅಲೆಕೋಣೆ ಅವರ ಲೆಕ್ಕದ ದಾರಿ ಸರಿಯಾಗಿದೆ, ಆದರೆ ಆ 26ನ್ನು ಕಲ್ಲಿನಲ್ಲಿ ಕೆತ್ತಬೇಡಿ. ಬಾಗಿಲಿನ ಅಡ್ಡಳತೆಯಲ್ಲಿ ಎರಡು ಮಿಲಿಮೀಟರ್ ತಪ್ಪಿದರೂ ವರ್ಗ ಮಾಡುವಾಗ ತಪ್ಪು ಹಿಗ್ಗುತ್ತದೆ. ಆ ಮೂರು ಮಿಲಿಲೀಟರಿಗೆ ನಾನು ಸಂಭ್ರಮಿಸುವುದಿಲ್ಲ, ಅಳತೆಯ ದೋಷವೇ ಅದಕ್ಕಿಂತ ದೊಡ್ಡದು. ನಾನು ನಂಬುವುದು ಬೇರೆಬೇರೆ ಕಡೆಯಿಂದ ಬಂದ ಸಾಕ್ಷಿಗಳು ಒಂದೇ ಮಾತು ಹೇಳುತ್ತಿರುವುದನ್ನು.

ಇಲ್ಲಿ ಹೇಳುತ್ತಿವೆ. ಇ ಬೈ ಇ-ಪ್ರೈಮ್ 14ಕ್ಕಿಂತ ಹೆಚ್ಚಿದ್ದರೆ ಹೃತ್ಕುಕ್ಷಿಯೊಳಗೆ ಒತ್ತಡ ಏರಿದೆ ಎಂದು ಅನುಮಾನಿಸುತ್ತೇವೆ. 19 ಇದ್ದದ್ದು 11ಕ್ಕೆ ಬಂದಿದೆ. ಎಡ ಹೃತ್ಕರ್ಣ ಆ ಒತ್ತಡವನ್ನು ತಿಂಗಳುಗಟ್ಟಲೆ ಹೊತ್ತು ಹಿಗ್ಗುವ ಕೋಣೆ. 34ರೊಳಗಿರಬೇಕಾದದ್ದು 52 ಆಗಿತ್ತು, ಈಗ 40. ಇನ್ನೂ ದೊಡ್ಡದೇ, ಆದರೆ ದಾರಿ ಸರಿ. ಒಂದು ದಿನ ನೀರಿನಂಶ ಹೆಚ್ಚು ಕಡಿಮೆಯಾದರೆ ಡಾಪ್ಲರ್ ಸಂಖ್ಯೆ ಕುಣಿಯುತ್ತದೆ. ಹೃತ್ಕರ್ಣ ಅಷ್ಟು ಬೇಗ ಕುಣಿಯುವುದಿಲ್ಲ, ಅದಕ್ಕೇ ಅದರ ಸಾಕ್ಷಿಗೆ ನನ್ನಲ್ಲಿ ಬೆಲೆ ಹೆಚ್ಚು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬಲಭಾಗ. ಎಡ ಹೃದಯದ ರೋಗದಲ್ಲಿ ಬಲ ಹೃದಯ ಸೋಲತೊಡಗಿದರೆ ಅದು ಕೆಟ್ಟ ಸುದ್ದಿ. ಟ್ಯಾಪ್ಸಿ ಎಂದರೆ ಬಡಿತಕ್ಕೊಮ್ಮೆ ಟ್ರೈಕಸ್ಪಿಡ್ ಕವಾಟದ ಬುಡ ಎಷ್ಟು ಮಿಲಿಮೀಟರ್ ಕೆಳಗೆ ಜಗ್ಗುತ್ತದೆ ಎಂಬುದು. 17ಕ್ಕಿಂತ ಕಡಿಮೆಯಾದರೆ ಬಲ ಹೃತ್ಕುಕ್ಷಿ ದಣಿದಿದೆ ಎಂದರ್ಥ. ಅದು ಎಷ್ಟು ಭಾರದ ವಿರುದ್ಧ ದುಡಿಯುತ್ತಿದೆ ಎಂಬುದನ್ನೂ ನೋಡಬೇಕು. ಸೋರಿಕೆಯ ವೇಗವನ್ನು ವರ್ಗ ಮಾಡಿ ನಾಲ್ಕರಿಂದ ಗುಣಿಸಿ, ಐವಿಸಿ ಹೇಳುವ ಒತ್ತಡ ಸೇರಿಸಿದರೆ ಶ್ವಾಸಕೋಶದ ಧಮನಿಯ ಒತ್ತಡ ಸಿಗುತ್ತದೆ. ಆಗ 46 ಮತ್ತು 15 ಸೇರಿ 61. ಈಗ 29 ಮತ್ತು 3, ಅಂದರೆ 32. ಟ್ಯಾಪ್ಸಿಯನ್ನು ಇದರಿಂದ ಭಾಗಿಸಿ: ಆಗ 0.23, ಈಗ 0.53. 2013ರಲ್ಲಿ ಗ್ವಾಟ್ಸಿ ಮತ್ತು ಸಂಗಡಿಗರು ತೋರಿಸಿದಂತೆ ಈ ಅನುಪಾತ 0.36ಕ್ಕಿಂತ ಕಡಿಮೆಯಿರುವವರ ಮುನ್ಸೂಚನೆ ಕೆಟ್ಟದು, ಇ.ಎಫ್. ಕಡಿಮೆಯಿರಲಿ ಹೆಚ್ಚಿರಲಿ. ನಿಮ್ಮ ಅಪ್ಪ ಆ ಗೆರೆಯನ್ನು ಒಳ್ಳೆಯ ಕಡೆಗೆ ದಾಟಿದ್ದಾರೆ.

ಅಣ್ಣನವರ ಭಾಗಾಕಾರದ ಬಗ್ಗೆ: ಹೃದಯ ಬಾಡಿಗೆ ಮೀಟರಿನಂತೆ ಸಮವಾಗಿ ಇಳಿಯುವುದಿಲ್ಲ. ಆ ಕಾಗದ ಹರಿದು ಹಾಕಲಿ.

ಸಂಶಯಪ್ರಾಣಿ

ವೈದ್ಯರೇ, ಒಪ್ಪಿದೆ. ಆದರೆ ಇ.ಎಫ್. ಕೆಟ್ಟಾಗ ‘ಅಳತೆಯ ದೋಷ’, ಉಳಿದವು ಚೆನ್ನಾದಾಗ ‘ಸಾಕ್ಷಿ’ ಎಂದರೆ ನಮಗೆ ಬೇಕಾದ್ದನ್ನು ಆರಿಸಿಕೊಂಡಂತೆ ಆಗಲಿಲ್ಲವೇ?

ಹಸಿರುಪರದೆ

ನ್ಯಾಯವಾದ ಏಟು. ಅದಕ್ಕೇ ನಾನು ಇ.ಎಫ್. ಪರವಾಗಿಯೂ ಒಂದು ಮಾತು ಹೇಳಬೇಕು, ಕಿರಿಮಗಳು ಅವರಿಗೆ ಅದು ರುಚಿಸದಿದ್ದರೂ. ಆಗ 35, ಈಗ 30. ಈ ಇಳಿತ ಮುಖ್ಯವಲ್ಲದಿರಬಹುದು. ಆದರೆ ಎಂಟು ತಿಂಗಳು ಒಳ್ಳೆಯ ಔಷಧಿ ಕೊಟ್ಟ ಮೇಲೂ ಇ.ಎಫ್. 35ರ ಮೇಲೆ ಏರಲಿಲ್ಲ ಎಂಬುದು ಮುಖ್ಯ. ಹೃದಯ ವೈಫಲ್ಯದವರು ಎರಡು ದಾರಿಯಲ್ಲಿ ಸಾಯುತ್ತಾರೆ. ಒಂದು, ಪಂಪು ನಿಧಾನವಾಗಿ ಸೋಲುವುದು. ಇನ್ನೊಂದು, ಚೆನ್ನಾಗಿಯೇ ಇದ್ದವರಲ್ಲಿ ಬಡಿತದ ಲಯ ದಿಢೀರನೆ ತಪ್ಪುವುದು. ಒತ್ತಡದ ಸಾಲುಗಳೆಲ್ಲ ಮೊದಲನೆಯ ದಾರಿಯ ಬಗ್ಗೆ ಹೆಚ್ಚು ಹೇಳುತ್ತವೆ. ಎರಡನೆಯದಕ್ಕೆ ನಾವು ಇಂದಿಗೂ ಬಹುಮಟ್ಟಿಗೆ ಇ.ಎಫ್. ಅನ್ನೇ ನೆಚ್ಚಿಕೊಂಡಿದ್ದೇವೆ. ಕನಿಷ್ಠ ಮೂರು ತಿಂಗಳು ಸರಿಯಾದ ಔಷಧಿ ಕೊಟ್ಟೂ 35 ಅಥವಾ ಅದಕ್ಕಿಂತ ಕೆಳಗೇ ಉಳಿದರೆ ಐಸಿಡಿ ಎಂಬ ಲಯ ಸರಿಪಡಿಸುವ ಯಂತ್ರದ ಮಾತು ಬರುತ್ತದೆ. 2002ರ ಮ್ಯಾಡಿಟ್-2, 2005ರ ಎಸ್‌ಸಿಡಿ-ಹೆಫ್ಟ್ ಪ್ರಯೋಗಗಳು ಈ ಅಭ್ಯಾಸಕ್ಕೆ ಅಡಿಪಾಯ. ಹೃದಯಾಘಾತದಿಂದ ಬಂದ ವೈಫಲ್ಯವಾದರೆ ಪುರಾವೆ ಗಟ್ಟಿ. ಬೇರೆ ಕಾರಣದ್ದಾದರೆ ಚರ್ಚೆ ಇದೆ. 2016ರ ಡ್ಯಾನಿಶ್ ಪ್ರಯೋಗದಲ್ಲಿ ಅಂಥವರ ಒಟ್ಟಾರೆ ಸಾವು ಕಡಿಮೆಯಾಗಲಿಲ್ಲ. ಅಪ್ಪನಿಗೆ ಯಾವ ಕಾರಣ ಎಂದು ವೈದ್ಯರನ್ನು ಕೇಳಿ. ಇಸಿಜಿಯಲ್ಲಿ ಕ್ಯೂಆರ್‌ಎಸ್ (ಹೃತ್ಕುಕ್ಷಿಗಳಲ್ಲಿ ವಿದ್ಯುತ್ ಹರಡುವುದನ್ನು ತೋರಿಸುವ ಅಲೆ) ಅಗಲವೆಷ್ಟು ಎಂಬುದನ್ನೂ ಕೇಳಿ, ಅಗಲವಾಗಿದ್ದರೆ ಬೇರೆ ಬಗೆಯ ಪೇಸ್‌ಮೇಕರ್ ನೆರವಾಗಬಹುದು.

ಸಂಶಯಪ್ರಾಣಿ

ಈಗ ನಿಮ್ಮ ಮಾತಿಗೆ ತೂಕ ಬಂತು. ಇನ್ನೊಂದನ್ನು ಸೇರಿಸುತ್ತೇನೆ. ಮ್ಯಾಗಿಕ್ ಎಂಬ ಅಪಾಯದ ಲೆಕ್ಕ 30 ಅಧ್ಯಯನಗಳ 39,372 ರೋಗಿಗಳಿಂದ ತಯಾರಾದದ್ದು. ಅದರಲ್ಲಿ 13 ಅಂಶಗಳಿವೆ, ಎಕೋದಿಂದ ಬರುವುದು ಇ.ಎಫ್. ಒಂದೇ. ಉಳಿದವು ವಯಸ್ಸು, ಮೂತ್ರಪಿಂಡದ ಕ್ರಿಯಾಟಿನಿನ್, ಮಧುಮೇಹ, ರಕ್ತದೊತ್ತಡ, ಎಷ್ಟು ಕೆಲಸಕ್ಕೆ ಉಸಿರು ಕಟ್ಟುತ್ತದೆ, ಬೀಟಾ ಬ್ಲಾಕರ್ ತೆಗೆದುಕೊಳ್ಳುತ್ತಾರೋ ಇಲ್ಲವೋ, ಹೀಗೆ. ಎಕೋ ಕೋಣೆಯ ಹೊರಗೂ ಭವಿಷ್ಯದ ಸುಳಿವುಗಳು ಬೇಕಾದಷ್ಟು ಬಿದ್ದಿವೆ. ಅದಲ್ಲದೆ, ಆ ಲೆಕ್ಕ ‘ಇಂಥ ನೂರು ಜನರಲ್ಲಿ ಇಷ್ಟು ಮಂದಿ’ ಎನ್ನುತ್ತದೆ. ಆ ನೂರರಲ್ಲಿ ನಿಮ್ಮ ಅಪ್ಪ ಎಷ್ಟನೆಯವರು ಎಂದು ಅದಕ್ಕೆ ತಿಳಿಯದು.

ಸಾಕಾದ ಮಾತ್ರೆ

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ. ಎರಡು ವರ್ಷದಲ್ಲಿ ನನ್ನ ಇ.ಎಫ್. 28ರಿಂದ 54ಕ್ಕೆ ಬಂದಿದೆ. ಮುನ್ಸೂಚನೆ ಚೆನ್ನಾಗಿದೆ ಎಂದಾಯಿತಲ್ಲ, ಇನ್ನು ಮಾತ್ರೆ ನಿಲ್ಲಿಸಬಹುದೇ?

ಹಸಿರುಪರದೆ

ನಿಲ್ಲಿಸಬೇಡಿ. ಇದಕ್ಕೆ ಟ್ರೆಡ್-ಎಚ್‌ಎಫ್ ಎಂಬ ಚಿಕ್ಕ, ಚೊಕ್ಕ ಪ್ರಯೋಗದ ಉತ್ತರವಿದೆ. ಹಿಗ್ಗಿದ ಹೃದಯ ಸರಿಹೋಗಿ, ಲಕ್ಷಣಗಳೂ ಇಲ್ಲದ 51 ಮಂದಿಯಲ್ಲಿ 25 ಜನರಿಗೆ ಔಷಧಿಯನ್ನು ಹಂತಹಂತವಾಗಿ ನಿಲ್ಲಿಸಿದರು. ಆರು ತಿಂಗಳಲ್ಲಿ 11 ಜನರಿಗೆ ರೋಗ ಮರಳಿತು. ಮುಂದುವರಿಸಿದ 26 ಜನರಲ್ಲಿ ಒಬ್ಬರಿಗೂ ಇಲ್ಲ. ನಿಮ್ಮ 54 ಮಾತ್ರೆಯ ಜೊತೆಗಿನ 54. ಅಂಥ ಹೃದಯಕ್ಕೆ ನಾವು ‘ಗುಣವಾದ’ ಎನ್ನುವುದಿಲ್ಲ, ‘ಸುಧಾರಿಸಿದ’ ಎನ್ನುತ್ತೇವೆ.

ಬೆರಳಚ್ಚು

ಎಲ್ಲರೂ ಸ್ಟ್ರೇನ್ (ಹೃದಯದ ಸ್ನಾಯು ಎಷ್ಟು ಕುಗ್ಗುತ್ತದೆ ಎಂಬ ಅಳತೆ) ಮರೆತಿರಲ್ಲ? ನನ್ನ ವರದಿಯಲ್ಲಿ ಜಿಎಲ್‌ಎಸ್ ಮೈನಸ್ 13 ಎಂದಿದೆ. ಮೈನಸ್ ನೋಡಿಯೇ ನನ್ನ ಕೈಕಾಲು ತಣ್ಣಗಾದವು.

ಅಲೆಕೋಣೆ

ಮೈನಸ್ಸಿಗೆ ಹೆದರಬೇಡಿ, ಸ್ನಾಯು ಉದ್ದದಲ್ಲಿ ಗಿಡ್ಡವಾಗುತ್ತದೆ ಎಂಬುದಕ್ಕೆ ಆ ಗುರುತು. ಆರೋಗ್ಯವಂತರಲ್ಲಿ ಸುಮಾರು ಮೈನಸ್ 20. ಸೊನ್ನೆಯ ಕಡೆಗೆ ಬಂದಷ್ಟೂ ಸ್ನಾಯು ದುರ್ಬಲ, 13 ಕಡಿಮೆಯೇ. ಪರದೆಯ ಮೇಲಿನ ಬೂದು ಚುಕ್ಕೆಗಳನ್ನು ಯಂತ್ರ ಬಡಿತದುದ್ದಕ್ಕೂ ಹಿಂಬಾಲಿಸಿ ಇದನ್ನು ಲೆಕ್ಕ ಹಾಕುತ್ತದೆ. ಇ.ಎಫ್. ಚೆನ್ನಾಗಿ ಕಂಡರೂ ಒಳಗೆ ಹದಗೆಟ್ಟಿರುವುದನ್ನು ಇದು ಬೇಗ ಹಿಡಿಯುತ್ತದೆ, ಮುನ್ಸೂಚನೆಗೂ ಇ.ಎಫ್. ಹೇಳದ್ದನ್ನು ಸೇರಿಸುತ್ತದೆ. ಆದರೆ ಒಂದು ಕಂಪನಿಯ ಯಂತ್ರದ ಸಂಖ್ಯೆಯನ್ನು ಇನ್ನೊಂದರ ಜೊತೆ ಹೋಲಿಸಬೇಡಿ.

ಸುಮ್ಮನೆ ಒಂದು ಮಾತು. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಎಡ್ಲರ್ ಮತ್ತು ಹರ್ಟ್ಸ್ ಮೊದಲ ಬಾರಿ ಹೃದಯದ ಪ್ರತಿಧ್ವನಿ ಹಿಡಿದದ್ದು ಲೋಹದೊಳಗಿನ ಬಿರುಕು ಹುಡುಕುವ ಉಪಕರಣದಿಂದ. ಬಿರುಕು ಹುಡುಕಲು ಹುಟ್ಟಿದ್ದನ್ನು ಭವಿಷ್ಯ ಹೇಳು ಎಂದು ಪೀಡಿಸುತ್ತಿರುವವರು ನಾವು.

ಎರಡನೇ ಬ್ಯಾಟರಿ

ನನಗೆ 71. ಒಂಬತ್ತು ವರ್ಷದ ಹಿಂದೆ ನನ್ನ ಇ.ಎಫ್. 22 ಇತ್ತು. ಆಗ ಅಂತರ್ಜಾಲದಲ್ಲಿ ಓದಿ ನನ್ನ ಉಳಿದ ಆಯಸ್ಸನ್ನು ನಾನೇ ತೀರ್ಮಾನಿಸಿ, ಬ್ಯಾಂಕಿನ ಕಾಗದಗಳನ್ನೆಲ್ಲ ಮಗನ ಕೈಗೆ ಕೊಟ್ಟಿದ್ದೆ. ಅವನ್ನು ಅವನು ಈಗ ಎಲ್ಲೋ ಕಳೆದುಹಾಕಿದ್ದಾನೆ. ಎದೆಯಲ್ಲಿರುವ ಐಸಿಡಿಗೆ ಬ್ಯಾಟರಿ ಮುಗಿದು ಎರಡನೆಯದು ಬಂದಿದೆ.

ಎಕೋ ನನಗೆ ವರ್ಷಕ್ಕೊಮ್ಮೆ. ತೂಕದ ಯಂತ್ರ ದಿನಕ್ಕೊಮ್ಮೆ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಫೋನ್ ಮಾಡಬೇಕು ಎಂದು ಹೇಳಿದ್ದಾರೆ, ಮಾಡುತ್ತೇನೆ. ಎರಡು ಸಲ ಆಸ್ಪತ್ರೆಗೆ ಸೇರುವುದು ಅದರಿಂದಲೇ ತಪ್ಪಿತು.

ಕಿರಿಮಗಳು

ಏಳು ದಿನದ ಮೇಲೆ ಬರೆಯುತ್ತಿದ್ದೇನೆ. ಭೇಟಿ ಆಯಿತು. ಎರಡೂ ವರದಿಗಳ ಜೊತೆಗೆ ಹಳೆಯ ಎಕೋ ಚಿತ್ರಗಳಿರುವ ಸಿ.ಡಿ.ಯನ್ನೂ ಒಯ್ದಿದ್ದೆ. ವೈದ್ಯರು ಎರಡನ್ನೂ ಪಕ್ಕಪಕ್ಕ ಓಡಿಸಿ ನೋಡಿದರು. ಹಳೆಯದರಲ್ಲಿ ಅಪ್ಪನ ಬಡಿತ ನಿಮಿಷಕ್ಕೆ 108 ಇತ್ತಂತೆ, ಹೃದಯದ ತುದಿ ಸರಿಯಾಗಿ ಕಂಡಿಲ್ಲವಂತೆ. ‘ಆ 35ನ್ನು ನಾನಾಗಿದ್ದರೆ 30 ಎಂದೇ ಬರೆಯುತ್ತಿದ್ದೆ’ ಎಂದರು. ಅಣ್ಣ ಅಲ್ಲೇ ಇದ್ದ. ಏನೂ ಹೇಳಲಿಲ್ಲ, ಹೊರಗೆ ಬಂದು ಹತ್ತು ನಿಮಿಷ ಒಬ್ಬನೇ ನಿಂತಿದ್ದ.

ಒತ್ತಡದ ಸಾಲುಗಳನ್ನು ನೋಡಿ ಮೂತ್ರದ ಮಾತ್ರೆಯನ್ನು ಅರ್ಧ ಮಾಡಿದ್ದಾರೆ. ಉಳಿದ ನಾಲ್ಕರಲ್ಲಿ ಒಂದನ್ನು ಏರಿಸಿದ್ದಾರೆ. ಅಪ್ಪನದು ಹಳೆಯ ಹೃದಯಾಘಾತದಿಂದ ಬಂದ ವೈಫಲ್ಯ, ಕ್ಯೂಆರ್‌ಎಸ್ ಅಗಲವಾಗಿಲ್ಲ. ಹಾಗಾಗಿ ಐಸಿಡಿ ಮಾತು ಬಂತು, ಹಸಿರುಪರದೆ ಅವರು ಹೇಳಿದ ಹಾಗೆಯೇ. ಅಪ್ಪನಿಗೆ ಅದು ಅರ್ಥವಾಗುತ್ತಿಲ್ಲ. ‘ಹುಷಾರಾಗಿದ್ದೇನೆ ಎಂದು ಅವರೇ ಹೇಳುತ್ತಾರೆ, ಅದೇ ಬಾಯಲ್ಲಿ ಯಂತ್ರ ಇಡಬೇಕು ಎನ್ನುತ್ತಾರೆ’ ಎಂದು ದಾರಿಯುದ್ದಕ್ಕೂ ಗೊಣಗಿದರು. ಎರಡನೇ ಬ್ಯಾಟರಿ ಅವರೇ, ಅಪ್ಪನ ಒಂದು ಪ್ರಶ್ನೆ: ಅದು ಒಳಗೆ ಇರುವುದು ಗೊತ್ತಾಗುತ್ತದೆಯೇ?

ಎರಡನೇ ಬ್ಯಾಟರಿ

ಮೊದಲ ಒಂದು ತಿಂಗಳು ಚೆನ್ನಾಗಿಯೇ ಗೊತ್ತಾಗುತ್ತದೆ. ಎಡಗೈಯನ್ನು ಭುಜದ ಮೇಲಕ್ಕೆ ಎತ್ತಬಾರದು ಎಂದಿರುತ್ತಾರೆ, ಅಂಗಿ ಹಾಕುವಾಗ ಬೈದುಕೊಳ್ಳುತ್ತಾರೆ. ಆಮೇಲೆ ಎಡಮಗ್ಗುಲಿಗೆ ಮಲಗಿದಾಗ ಮಾತ್ರ. ಒಂಬತ್ತು ವರ್ಷದಲ್ಲಿ ನನಗೆ ಅದು ಶಾಕ್ ಕೊಟ್ಟದ್ದು ಒಂದೇ ಸಲ. ಯಾರೋ ಎದೆಗೆ ಒದ್ದಂತಾಯಿತು. ಅಂದು ಬೆಳಿಗ್ಗೆ ನಾನು ಪೂರ್ತಿ ಹುಷಾರಾಗಿದ್ದೆ, ಅಪ್ಪನಿಗೆ ಇಷ್ಟು ಹೇಳಿ. ಉಳಿದದ್ದನ್ನು ಅವರು ಕೇಳಿದರೆ ನಾನೇ ಹೇಳುತ್ತೇನೆ.